ಅಪ್ಪನ ಕಿಡ್ನಿ ಕಲ್ಲು ಮತ್ತು ಬಗ್ಗಿದ ಬೆಳಕು

ತುಂಬ ದಿನಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ಅಪ್ಪನಿಗೆ ಹುಷಾರಿರಲಿಲ್ಲ, ಆಸ್ಪತ್ರೆ-ಮನೆ-ಆಸ್ಪತ್ರೆ ಅಂತ ಓಡಾಟವೇ ಆಗಿತ್ತು. ಈಗ ಎಲ್ಲ ಸರಿಹೋಗಿದೆ, ಗಾಬರಿ ಬೇಡ. ಆದರೆ ಆ ಓಡಾಟದ ನಡುವೆ ತಲೆಗೆ ಹೊಕ್ಕ ಹುಳವೊಂದು ಇನ್ನೂ ಹೊರಗೆ ಹೋಗಿಲ್ಲ. ಅದನ್ನ ಇಲ್ಲಿ ಬಿಡ್ತಾ ಇದ್ದೇನೆ, ನಿಮ್ಮ ತಲೆಗೂ ಒಂಚೂರು ಹೋಗಲಿ :)

ಅಪ್ಪ ಮೇಷ್ಟ್ರು. ಮಲೆನಾಡಿನ ಹಳ್ಳಿ ಶಾಲೆಗಳಲ್ಲಿ ಮೂವತ್ತು ಚಿಲ್ಲರೆ ವರ್ಷ ವಿಜ್ಞಾನ, ಗಣಿತ ಪಾಠ ಮಾಡಿ ನಿವೃತ್ತರಾದವರು. ಎಡಗಡೆ ಕಿಡ್ನಿಯಲ್ಲಿ 11 ಮಿ.ಮೀ. ಕಲ್ಲು, ಅದೂ ಕೆಳಗಿನ ಮೂಲೆಯಲ್ಲಿ. ಬಾಳೆದಿಂಡಿನ ರಸ, ಹುರುಳಿ ಕಟ್ಟು ಎಲ್ಲ ಕುಡಿದಾಯಿತು, ಅದು ಜಗ್ಗಲಿಲ್ಲ. ಡಾಕ್ಟ್ರು ಹೇಳಿದರು: "ಕೊಯ್ಯೋದೇನೂ ಇಲ್ಲ. ಮೂತ್ರದ ದಾರಿಯಿಂದಲೇ ತೆಳ್ಳಗಿನ ದುರ್ಬೀನು ಕಳಿಸ್ತೀವಿ. ಅದರೊಳಗಿಂದ ಲೇಸರ್ ಬಿಟ್ಟು ಕಲ್ಲನ್ನ ಪುಡಿ ಮಾಡ್ತೀವಿ."

ಅಪ್ಪನಿಗೆ ನೋವಿನ ಚಿಂತೆಗಿಂತ ಬೇರೆಯದೇ ಚಿಂತೆ. "ಅಲ್ಲ ಡಾಕ್ಟ್ರೇ, ಮೂತ್ರಕೋಶ ದಾಟಿ, ನಾಳ ಹತ್ತಿ, ಕಿಡ್ನಿಯೊಳಗೆ ಮತ್ತೆ ಕೆಳಗೆ ತಿರುಗಬೇಕಲ್ಲ. ಬೆಳಕು ಅಷ್ಟೆಲ್ಲ ತಿರುಗಿಕೊಂಡು ಹ್ಯಾಗೆ ಹೋಗ್ತದೆ?"

"ಫೈಬರ್ ಇರತ್ತೆ ಮೇಷ್ಟ್ರೇ" ಅಂದು ಡಾಕ್ಟ್ರು ಮುಂದಿನ ರೋಗಿಯನ್ನ ಕರೆದರು.

ಹೊರಗೆ ಬಂದ ಮೇಲೆ ಅಪ್ಪ ನನ್ನ ಕಡೆ ತಿರುಗಿ, "ಬೆಳಕು ನೇರವಾಗಿ ಚಲಿಸ್ತದೆ ಅಂತ ನಾನು ಮೂವತ್ತು ವರ್ಷ ಪಾಠ ಮಾಡಿದ್ದೀನಲ್ಲೋ" ಅಂದರು. ಆ ಪಾಠ ನಿಮಗೂ ನೆನಪಿರಬೇಕು. ಮೂರು ರಟ್ಟು, ಮೂರಕ್ಕೂ ನಡುವೆ ತೂತು, ಒಂದು ಕಡೆ ಮೇಣದ ಬತ್ತಿ. ತೂತುಗಳು ಸಾಲಾಗಿದ್ದರೆ ಜ್ವಾಲೆ ಕಾಣುತ್ತೆ, ನಡುವಿನ ರಟ್ಟು ಸರಿಸಿದರೆ ಕಾಣೋಲ್ಲ. ನಾನೂ ಅಪ್ಪನ ಕ್ಲಾಸಿನಲ್ಲೇ ಅದನ್ನ ನೋಡಿದವನು. ಮನೆಯ ಬೀಗರ ಮದುವೆ ಕಾಗದಗಳ ರಟ್ಟೇ ಅದಕ್ಕೆ ಬಳಕೆಯಾಗುತ್ತಿತ್ತು, ಹಾಗಾಗಿ ನನಗೆ ಇನ್ನೂ ಚೆನ್ನಾಗಿ ನೆನಪು.

ಆಪರೇಷನ್ ದಿನ ಬೆಳಿಗ್ಗೆ ಅಪ್ಪ ಹಿಂದಿನ ರಾತ್ರಿಯಿಂದ ಉಪವಾಸ. ಹತ್ತು ಗಂಟೆಗೆ ಹಸಿರು ಅಂಗಿ ಹಾಕಿಸಿ ತಳ್ಳುಮಂಚದಲ್ಲಿ ಒಳಗೆ ಕರಕೊಂಡು ಹೋದರು. ಅಮ್ಮ ಬಾಗಿಲ ಹೊರಗೆ ಕಣ್ಣು ಮುಚ್ಚಿ ಕೂತಳು. ಹನ್ನೊಂದೂವರೆಗೆ ಅದೇ ಮಂಚ ವಾಪಸ್ ಬಂತು! ಅಪ್ಪ ಎಚ್ಚರವಾಗೇ ಇದ್ದಾರೆ, ಮುಖದಲ್ಲಿ ಅರ್ಧ ಸಿಟ್ಟು ಅರ್ಧ ಕುತೂಹಲ. ಆಗಿದ್ದೇನೆಂದರೆ, ಮತ್ತಿನ ಮದ್ದು ಕೊಡುವ ಮೊದಲು ಲೇಸರ್ ಯಂತ್ರಕ್ಕೆ ಫೈಬರ್ ಸಿಕ್ಕಿಸಿ ಪರೀಕ್ಷೆ ಮಾಡಿದ್ದಾರೆ. ತುದಿಯಲ್ಲಿ ಬರಬೇಕಾದ ಕೆಂಪು ಚುಕ್ಕೆ ಬರಲಿಲ್ಲ. ನಡುವೆ ಒಂದು ಕಡೆ ಕೆಂಪಗೆ ಹೊಳೆದು ನಿಂತುಬಿಟ್ಟಿದೆ. ಎಳೆ ಅಲ್ಲೇ ಮುರಿದಿತ್ತು. ಇನ್ನೊಂದು ಫೈಬರ್ ಆಸ್ಪತ್ರೆಯಲ್ಲಿ ಇಲ್ಲ, ನಾಳೆ ತರಿಸ್ತಾರಂತೆ. ಲಕ್ಷಾಂತರ ರೂಪಾಯಿಯ ಯಂತ್ರ ಇಟ್ಟುಕೊಂಡು ಒಂದು ಎಳೆ ಹೆಚ್ಚಿಗೆ ಇಟ್ಟುಕೊಳ್ಳೋಕೆ ಆಗೋಲ್ಲವಾ ಅಂತ ನಾನು ಕೂಗಾಡಿದೆ. ಏನೂ ಪ್ರಯೋಜನ ಆಗಲಿಲ್ಲ. ಎಪ್ಪತ್ತೆರಡು ವರ್ಷದ ಮನುಷ್ಯ ಇನ್ನೊಂದು ರಾತ್ರಿ ಉಪವಾಸ ಮಾಡಬೇಕಾಯಿತು.

ಅಪ್ಪ ಮಾತ್ರ ಆ ಮುರಿದ ಫೈಬರನ್ನ ಸಿಸ್ಟರ್ ಹತ್ತಿರ ಕೇಳಿ ಇಸಕೊಂಡಿದ್ದರು. ದೇಹದೊಳಗೆ ಹೋಗಿರಲಿಲ್ಲವಲ್ಲ, ಎಸೆಯೋದೇ ತಾನೇ ಅಂತ ಅವಳೂ ಕೊಟ್ಟಿದ್ದಳು. ಮೂರು ಮೀಟರ್ ಉದ್ದ, ಒಂದು ತುದಿಗೆ ಲೋಹದ ಟೊಪ್ಪಿ, ಉಳಿದದ್ದು ನೀಲಿ ಬಣ್ಣದ ತೆಳು ದಾರ. ಒಳಗಿನ ಗಾಜಿನ ದಪ್ಪ 200 ಮೈಕ್ರಾನ್, ಅಂದರೆ ಎರಡು ಮೂರು ಕೂದಲು ಸೇರಿಸಿದಷ್ಟು. ಸಂಜೆಯಿಡೀ ಅಪ್ಪ ಮಂಚದ ಮೇಲೆ ಕೂತು ಮುರಿಯದ ತುಂಡಿಗೆ ಮೊಬೈಲ್ ಟಾರ್ಚು ಹಿಡಿದು, ಇನ್ನೊಂದು ತುದಿಯನ್ನ ಅಂಗೈಗೆ ಇಟ್ಟು ನೋಡಿದ್ದೇ ನೋಡಿದ್ದು. "ನೀನು ಕಂಪ್ಯೂಟರ್ ಕುಟ್ಟೋನಲ್ವಾ, ಇದನ್ನ ಯಾರು ಕಂಡುಹಿಡಿದರು ಹುಡುಕು" ಅಂತ ಅಪ್ಪಣೆಯಾಯಿತು. ಆ ರಾತ್ರಿ ಆಸ್ಪತ್ರೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಓದಿದ್ದು, ಆಮೇಲೆ ಮನೆಗೆ ಬಂದು ಓದಿದ್ದು, ಎರಡೂ ಸೇರಿ ಈ ಬರಹ.

ಯಾರು ಕಂಡುಹಿಡಿದರು ಅಂತ ಕೇಳಿದರೆ ಹೆಚ್ಚಿನ ಪುಸ್ತಕಗಳು ಜಾನ್ ಟಿಂಡಾಲ್ ಹೆಸರು ಹೇಳುತ್ತವೆ. 1854ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಶನ್ನಿನಲ್ಲಿ ಆತ ನೀರಿನ ಧಾರೆಯೊಳಗೆ ಬೆಳಕು ಬಗ್ಗಿ ಹರಿಯುವುದನ್ನ ತೋರಿಸಿದ್ದು ನಿಜ. ಹಾಗೆ ಮಾಡಿ ತೋರಿಸು ಅಂತ ಸಲಹೆ ಕೊಟ್ಟವನು ಮೈಕೆಲ್ ಫ್ಯಾರಡೆ. ಆದರೆ ಅದಕ್ಕೆ ಹದಿಮೂರು ವರ್ಷ ಮುಂಚೆಯೇ, 1841ರಲ್ಲಿ, ಜಿನೀವಾದಲ್ಲಿ ಡ್ಯಾನಿಯಲ್ ಕೊಲಾಡನ್ ಅನ್ನುವ ಮೇಷ್ಟ್ರು ಇದನ್ನ ಮಾಡಿ, 1842ರಲ್ಲಿ ಪ್ರಕಟಿಸಿಯೂ ಆಗಿತ್ತು. ಮೇಷ್ಟ್ರು ಅಂತ ಬೇಕಂತಲೇ ಬರೆದೆ. ಯಾಕೆಂದರೆ ಆತನ ಸಮಸ್ಯೆ ಅಪ್ಪಟ ಮೇಷ್ಟ್ರ ಸಮಸ್ಯೆ. ತೊಟ್ಟಿಯ ತೂತಿನಿಂದ ನೀರು ಹೇಗೆ ಕಮಾನಾಗಿ ಚಿಮ್ಮುತ್ತದೆ ಅಂತ ಪಾಠ ಮಾಡಬೇಕು, ದೊಡ್ಡ ಹಾಲಿನಲ್ಲಿ ಕೂತವರಿಗೆ ಆ ಸಣ್ಣ ಧಾರೆ ಕಾಣೋದಿಲ್ಲ. ಸರಿ, ತೊಟ್ಟಿಯ ಹಿಂಬದಿಯಿಂದ ಮಸೂರ ಇಟ್ಟು ಧಾರೆಯ ತೂತಿನೊಳಕ್ಕೇ ಬೆಳಕು ಬಿಟ್ಟ. ಕೋಣೆ ಕತ್ತಲು ಮಾಡಿದಾಗ ನೋಡಿದರೆ, ಬೆಳಕು ನೇರವಾಗಿ ಆಚೆ ಗೋಡೆಗೆ ಹೋಗಿ ಬೀಳದೆ ನೀರಿನ ಜೊತೆಗೇ ಬಗ್ಗಿ ಕೆಳಗಿನ ಪಾತ್ರೆಗೆ ಇಳಿಯಿತು. ಇದನ್ನ ಓದಿ ಹೇಳಿದಾಗ ಅಪ್ಪ ಮಂಚದ ಮೇಲೆ ಎದ್ದು ಕೂತರು. "ಹಿಂದಿನ ಬೆಂಚಿನವರಿಗೆ ಕಾಣಲಿ ಅಂತ ಮಾಡಿದ್ದಾ?" ಅಂದರು. ಹಿಂದಿನ ಬೆಂಚಿಗೆ ನ್ಯಾಯ ಒದಗಿಸಿದವನ ಬಗ್ಗೆ ಅವರಿಗೆ ತಕ್ಷಣ ಗೌರವ ಬಂದುಬಿಟ್ಟಿತು.

ಬಗ್ಗೋದು ಹೇಗೆ ಅನ್ನೋದಕ್ಕೆ ಉತ್ತರ ಅಪ್ಪನಿಗೆ ಗೊತ್ತಿದ್ದದ್ದೇ. ನೀರಿನಿಂದ ಗಾಳಿಗೆ ಹೊರಡುವ ಕಿರಣ ತೀರ ಓರೆಯಾಗಿ ಬಂದರೆ ಹೊರಗೆ ಹೋಗೋಕೆ ಆಗದೆ ಪೂರ್ತಿಯಾಗಿ ಒಳಕ್ಕೇ ಪ್ರತಿಫಲಿಸುತ್ತದೆ. ಹೈಸ್ಕೂಲಿನಲ್ಲಿ ಸಂಪೂರ್ಣ ಆಂತರಿಕ ಪ್ರತಿಫಲನ ಅಂತ ಬಾಯಿಪಾಠ ಮಾಡಿದ್ದೆವಲ್ಲ, ಅದೇ. ಧಾರೆಯ ಒಂದು ಅಂಚಿಗೆ ಬಡಿದು, ಇನ್ನೊಂದು ಅಂಚಿಗೆ ಬಡಿದು, ಹಾಗೇ ಜಾರುತ್ತಾ ಹೋಗುತ್ತೆ. ಪ್ರತಿ ಹೆಜ್ಜೆಯೂ ನೇರವೇ, ಒಟ್ಟು ನಡಿಗೆ ಮಾತ್ರ ಸೊಟ್ಟ. ಘಟ್ಟದ ರಸ್ತೆಯ ಹಾಗೆ ಅಂತಿಟ್ಟುಕೊಳ್ಳಿ.

ಕೊಲಾಡನ್ನನ ಧಾರೆ ವಿಜ್ಞಾನಿಗಳಿಗಿಂತ ಮೊದಲು ನಾಟಕದವರ ಕೈಗೆ ಸಿಕ್ಕಿತು. 1853ರಲ್ಲಿ ಪ್ಯಾರಿಸ್ ಒಪೆರಾದ ರಂಗದ ಮೇಲೆ ಅದು ಬಂತು. 1880ರ ದಶಕದಲ್ಲಿ ಲಂಡನ್, ಪ್ಯಾರಿಸ್ ವಸ್ತುಪ್ರದರ್ಶನಗಳಲ್ಲಿ ಬಣ್ಣದ ಬೆಳಕಿನ ಕಾರಂಜಿಗಳು ಜನಮರುಳು ಮಾಡಿದವು. ಆ ವಂಶದ ಕುಡಿಯೊಂದು ನಮಗೆಲ್ಲ ಗೊತ್ತು: ಕನ್ನಂಬಾಡಿಯ ಬೃಂದಾವನ. 1932ರಲ್ಲಿ ಪೂರ್ಣಗೊಂಡ, ಸರ್ ಮಿರ್ಜಾ ಇಸ್ಮಾಯಿಲರ ಕನಸಿನ ಆ ತೋಟಕ್ಕೆ ಶಾಲಾ ಪ್ರವಾಸ ಹೋಗದ ಕನ್ನಡಿಗ ಯಾರಿದ್ದಾರೆ ಹೇಳಿ?

ಇಲ್ಲಿಗೆ ಬಂದಾಗ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು. ಎಂಬತ್ತರ ದಶಕದಲ್ಲೊಮ್ಮೆ ಏಳನೇ ಕ್ಲಾಸಿನವರನ್ನ ಕರಕೊಂಡು ಬೃಂದಾವನಕ್ಕೆ ಹೋಗಿದ್ದರಂತೆ. ಕತ್ತಲಾಗಿ ದೀಪ ಹತ್ತಿದ ಮೇಲೆ ಒಬ್ಬ ಹುಡುಗ, "ಸಾರ್, ದೀಪ ಕೆಳಗಿದೆ, ಬೆಳಕು ನೇರ ಮೇಲೆ ಹೋಗಬೇಕಲ್ಲ. ನೀರು ಬಗ್ಗಿ ಕೆಳಗೆ ಬೀಳುವಾಗ ಬಣ್ಣ ಹೆಂಗೆ ಬಗ್ಗತ್ತೆ?" ಅಂತ ಕೇಳಿದನಂತೆ. ಎಪ್ಪತ್ತು ಮಕ್ಕಳು, ಒಂದು ಬಸ್ಸು, ರಾತ್ರಿ ಊಟದ ಚಿಂತೆ. "ಸುಮ್ನೆ ಸಾಲಲ್ಲಿ ನಿಲ್ಲೋ, ಅಧಿಕಪ್ರಸಂಗಿ" ಅಂತ ಬೈದು ತಲೆಗೊಂದು ಮೊಟಕಿದರಂತೆ. ಕಾರಂಜಿಯಲ್ಲಿ ನಡೆಯೋದು ಪೂರ್ತಿ ಕೊಲಾಡನ್ ವಿದ್ಯೆ ಅಲ್ಲ. ಅಲ್ಲಿ ನೀರು ಒಡೆದು ಹನಿಯಾಗುತ್ತೆ, ಬೆಳಕು ಹನಿಗಳಿಗೆ ಬಡಿದು ಚದುರುತ್ತೆ. ಒಡೆಯದ ನಯವಾದ ಧಾರೆ ಇರುವಷ್ಟು ದೂರ ಮಾತ್ರ ಅದು ಬೆಳಕಿನ ಕೊಳವೆ. ಅಷ್ಟು ಹೇಳಿದೆ. "ಅದು ಬಿಡು, ಅವನು ಕೇಳಿದ್ದು ಸರಿ ಇತ್ತಲ್ಲ" ಅಂದರು ಅಪ್ಪ. ಹುಡುಗನ ಹೆಸರು ಅವರಿಗೆ ನೆನಪಾಗಲಿಲ್ಲ. ಮುಖ ನೆನಪಿದೆಯಂತೆ.

ನೀರಿನಿಂದ ಗಾಜಿಗೆ ಬರೋಣ. 1880ರಲ್ಲಿ ಅಮೆರಿಕದ ವಿಲಿಯಂ ವೀಲರ್ ಅನ್ನುವ ಇಂಜಿನಿಯರ್ ಒಂದು ವಿಚಿತ್ರ ಪೇಟೆಂಟಿಗೆ ಅರ್ಜಿ ಹಾಕಿದ. ನೆಲಮಾಳಿಗೆಯಲ್ಲಿ ಒಂದೇ ಒಂದು ಪ್ರಖರ ದೀಪ, ಅಲ್ಲಿಂದ ಒಳಗೆ ಕನ್ನಡಿಯಂಥ ಲೇಪನವಿರುವ ಕೊಳವೆಗಳಲ್ಲಿ ನಲ್ಲಿ ನೀರಿನ ಹಾಗೆ ಪ್ರತಿ ಕೋಣೆಗೂ ಬೆಳಕು! ಎಡಿಸನ್ನನ ಬಲ್ಬು ಬಂದ ಮೇಲೆ ಅದನ್ನ ಕೇಳುವವರಿಲ್ಲವಾಯಿತು. 1888ರಲ್ಲಿ ವಿಯೆನ್ನಾದ ರಾತ್ ಮತ್ತು ರಾಯ್ಸ್ ಅನ್ನುವವರು ಬಾಗಿಸಿದ ಗಾಜಿನ ಸಲಾಕೆಗಳಿಂದ ದೇಹದ ಒಳಭಾಗಕ್ಕೆ ಬೆಳಕು ಹಾಯಿಸಿದರು. ಅಂದರೆ ವೈದ್ಯರಿಗೂ ಈ ವಿದ್ಯೆಗೂ ನೆಂಟಸ್ತಿಕೆ ಹಳೆಯದೇ.

ನನ್ನನ್ನ ಹೆಚ್ಚು ಕಾಡಿದ್ದು ಹೈನ್‌ರಿಶ್ ಲಾಮ್ ಕತೆ. 1930ರಲ್ಲಿ ಮ್ಯೂನಿಕ್ಕಿನಲ್ಲಿ ವೈದ್ಯಕೀಯ ಓದುತ್ತಿದ್ದ ಹುಡುಗ. ಹೊಟ್ಟೆಯೊಳಗೆ ನೋಡುವ ಆಗಿನ ಸಾಧನಗಳು ಗಟ್ಟಿ ಕೊಳವೆಗಳು, ರೋಗಿ ಖಡ್ಗ ನುಂಗುವವರ ಹಾಗೆ ನುಂಗಬೇಕು. ಲಾಮ್ ಗಾಜಿನ ಎಳೆಗಳನ್ನ ಕೈಯಾರೆ ಬಾಚಿ ಕಟ್ಟಿ, ಬಲ್ಬಿನ ತಂತುವಿನ ಚಿತ್ರವನ್ನ ಒಂದು ತುದಿಯಿಂದ ಇನ್ನೊಂದು ತುದಿಗೆ ದಾಟಿಸಿದ. ಮಸುಕಾಗಿತ್ತು, ಆದರೂ ದಾಟಿತು. ಪೇಟೆಂಟ್ ಮಾಡಲು ಹೋದರೆ ಕ್ಲಾರೆನ್ಸ್ ಹ್ಯಾನ್ಸೆಲ್ ಅನ್ನುವ ಅಮೆರಿಕನ್ ಮೊದಲೇ ಅರ್ಜಿ ಹಾಕಿಬಿಟ್ಟಿದ್ದ. ಲಾಮ್ ಯಹೂದಿ. ಹಿಟ್ಲರ್ ಬಂದ ಮೇಲೆ ದೇಶ ಬಿಟ್ಟು ಅಮೆರಿಕ ಸೇರಿದ, ಟೆಕ್ಸಾಸಿನಲ್ಲಿ ಸರ್ಜನ್ ಆಗಿ ಬದುಕಿದ. ಆ ಗಾಜಿನ ಎಳೆಗಳ ಕೆಲಸ ಅಲ್ಲಿಗೇ ನಿಂತಿತು, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನ ಯಾರೂ ಗಂಭೀರವಾಗಿ ಎತ್ತಿಕೊಳ್ಳಲಿಲ್ಲ.

ಎತ್ತಿಕೊಂಡವರಲ್ಲಿ ಒಬ್ಬರು ನಮ್ಮವರು. ನರಿಂದರ್ ಸಿಂಗ್ ಕಪಾನಿ. 1926ರಲ್ಲಿ ಪಂಜಾಬಿನ ಮೋಗಾದಲ್ಲಿ ಹುಟ್ಟಿ, ಡೆಹರಾಡೂನಿನಲ್ಲಿ ಬೆಳೆದು, ಆಗ್ರಾದಲ್ಲಿ ಓದಿದವರು. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಜೊತೆ ಕೆಲಸ ಮಾಡಿ, 1954ರ ಜನವರಿ 2ರ 'ನೇಚರ್' ಪತ್ರಿಕೆಯಲ್ಲಿ ಬಾಗುವ ಫೈಬರ್‌ಸ್ಕೋಪಿನ ಬಗ್ಗೆ ಪ್ರಕಟಿಸಿದರು. ಸಾವಿರಾರು ಗಾಜಿನ ಎಳೆಗಳ ಕಂತೆ, ಉದ್ದ ಸುಮಾರು 75 ಸೆಂ.ಮೀ. ಕಪಾನಿ ತಮ್ಮ ಬಗ್ಗೆ ಯಾವಾಗಲೂ ಹೇಳುತ್ತಿದ್ದ ಒಂದು ಕತೆ ಇದೆ. ಡೆಹರಾಡೂನಿನ ಶಾಲೆಯಲ್ಲಿ ಮೇಷ್ಟ್ರು ಬೆಳಕು ನೇರವಾಗಿ ಮಾತ್ರ ಚಲಿಸುತ್ತೆ ಅಂದರಂತೆ. ಹಾಗಿರಲಿಕ್ಕಿಲ್ಲ, ಬಗ್ಗಿಸಿ ತೋರಿಸ್ತೇನೆ ಅಂತ ಅವತ್ತೇ ಹಟ ಹುಟ್ಟಿತಂತೆ.

ಇದನ್ನ ಅಪ್ಪನಿಗೆ ಓದಿ ಹೇಳಬೇಕೋ ಬೇಡವೋ ಅಂತ ಒಂದು ಕ್ಷಣ ಯೋಚಿಸಿದೆ. ಓದಿದೆ. ಅಪ್ಪ ಪಟ್ಟು ಬಿಡಲಿಲ್ಲ. "ಆ ಮೇಷ್ಟ್ರು ತಪ್ಪು ಹೇಳಿಲ್ಲ ಮಾರಾಯ. ಗಾಜಿನೊಳಗೂ ಅದು ನೇರವಾಗೇ ಹೋಗಿ ಬಡೀತದೆ ಅಂತ ಈಗ ತಾನೇ ನೀನೇ ಓದಿದೆ. ಮಾತ್ರ ಅನ್ನೋ ಪದ ಸೇರಿಸಿದ್ದು ಹೆಚ್ಚಾಯಿತು, ಅಷ್ಟೆ." ನಿಜ ಹೇಳಬೇಕೆಂದರೆ ನನಗೂ ಅದೇ ಸರಿ ಅನ್ನಿಸಿತು.

ಅದೇ 'ನೇಚರ್' ಸಂಚಿಕೆಯಲ್ಲಿ ಹಾಲೆಂಡಿನ ಅಬ್ರಹಾಂ ವಾನ್ ಹೀಲ್‌ನ ಪುಟ್ಟ ಲೇಖನವೂ ಇತ್ತು. ಜನ ಅದನ್ನ ಮರೆತುಬಿಡ್ತಾರೆ, ಆದರೆ ಮುಖ್ಯವಾದ ಗುಟ್ಟು ಅದರಲ್ಲೇ ಇದೆ. ಬರಿಯ ಗಾಜಿನ ಎಳೆಗೆ ಬೆರಳು ತಾಗಿದರೆ, ಎಣ್ಣೆಜಿಡ್ಡು ಅಂಟಿದರೆ, ಪಕ್ಕದ ಎಳೆ ಒರಗಿದರೆ, ಅಲ್ಲೆಲ್ಲ ಬೆಳಕು ಸೋರುತ್ತೆ. ಬೆಳಕನ್ನ ಕಡಿಮೆ ಬಗ್ಗಿಸುವ ಇನ್ನೊಂದು ವಸ್ತುವಿನ ಹೊದಿಕೆ ಹಾಕಿಬಿಟ್ಟರೆ ಪ್ರತಿಫಲನ ಒಳಗೇ, ಹೊದಿಕೆಯ ಅಂಚಿನಲ್ಲೇ, ನಡೆದುಹೋಗುತ್ತೆ. ಹೊರಗೆ ಏನು ತಾಗಿದರೂ ಚಿಂತೆಯಿಲ್ಲ. ಈ ಉಪಾಯವನ್ನ ವಾನ್ ಹೀಲ್‌ಗೆ ಹೇಳಿಕೊಟ್ಟವನು ಅಮೆರಿಕದ ಬ್ರಯಾನ್ ಓಬ್ರಯನ್. ಮುಂದೆ 1956ರ ಡಿಸೆಂಬರಿನಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲ್ಯಾರಿ ಕರ್ಟಿಸ್ ಗಾಜಿನ ಕೊಳವೆಯೊಳಗೆ ಗಾಜಿನ ಸಲಾಕೆ ಇಟ್ಟು ಎರಡನ್ನೂ ಒಟ್ಟಿಗೆ ಕಾಯಿಸಿ ಎಳೆದ. ಗಾಜಿಗೆ ಗಾಜಿನದೇ ಹೊದಿಕೆ! ಆ ಎಳೆಗಳಿಂದ ಮಾಡಿದ ಎಂಡೋಸ್ಕೋಪನ್ನ 1957ರ ಫೆಬ್ರವರಿಯಲ್ಲಿ ಡಾಕ್ಟರ್ ಬೇಸಿಲ್ ಹಿರ್ಶೋವಿಟ್ಜ್ ಮೊದಲು ತಾನೇ ನುಂಗಿ ನೋಡಿದ, ಆಮೇಲೆ ರೋಗಿಗೆ ಹಾಕಿದ. ಹೀಗೆ ಮೊದಲು ತಾನು ನುಂಗುವ ಡಾಕ್ಟ್ರುಗಳ ಬಗ್ಗೆ ನನಗೆ ವಿಶೇಷ ಪ್ರೀತಿ.

ಇಲ್ಲಿಯವರೆಗೆ ಎಳೆಯಲ್ಲಿ ಹೋಗುತ್ತಿದ್ದದ್ದು ಬಲ್ಬಿನ ಬಡ ಬೆಳಕು, ನೋಡೋಕೆ ಮಾತ್ರ. 1960ರ ಮೇ 16ರಂದು ಥಿಯೊಡೋರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಹೊರಡಿಸಿದ. ಮರುವರ್ಷದ ಕೊನೆಗೇ ನ್ಯೂಯಾರ್ಕಿನಲ್ಲಿ ಅದರಿಂದ ಕಣ್ಣಿನ ಅಕ್ಷಿಪಟಲದ ಗೆಡ್ಡೆಯೊಂದನ್ನ ಸುಟ್ಟರು. ಕಣ್ಣೇ ಮೊದಲು ಯಾಕೆ? ದೇಹದಲ್ಲಿ ಬೆಳಕಿಗೆ ಬಾಗಿಲು ತೆರೆದಿಟ್ಟ ಅಂಗ ಅದೊಂದೇ ತಾನೇ. ಎಳೆಯೂ ಬೇಡ, ಕೊಳವೆಯೂ ಬೇಡ, ಮುಂದಿನಿಂದ ಬಿಟ್ಟರಾಯಿತು. ಕಿಡ್ನಿ ಕಲ್ಲಿನ ಹಾಗಲ್ಲ. 1968ರಲ್ಲೇ ಮಲ್ವೇನಿ ಮತ್ತು ಬೆಕ್ ಎಂಬಿಬ್ಬರು ಮಾಣಿಕ್ಯದ ಲೇಸರನ್ನ ಕಲ್ಲಿಗೆ ಹೊಡೆದು ನೋಡಿದ್ದರು. ಕಲ್ಲು ಒಡೆಯಿತು, ಆದರೆ ಮನುಷ್ಯನೊಳಗೆ ಬಳಸಲಾಗದಷ್ಟು ಶಾಖ.

ಇನ್ನೊಂದು ಕಡೆ, 1964ರಲ್ಲಿ, ಬಾರಾಮತಿಯಲ್ಲಿ ಹುಟ್ಟಿ ಅಮೆರಿಕದ ಬೆಲ್ ಲ್ಯಾಬ್ಸ್ ಸೇರಿದ್ದ ಕುಮಾರ್ ಪಟೇಲ್ ಇಂಗಾಲದ ಡೈಆಕ್ಸೈಡ್ ಲೇಸರ್ ಮಾಡಿದರು. ಮಾಂಸವನ್ನ ಬೆಣ್ಣೆಯ ಹಾಗೆ ಕೊಯ್ಯುವ ಬೆಳಕು. ಆದರೆ ಅದಕ್ಕೊಂದು ಶಾಪ. ಅದರ ತರಂಗಾಂತರ 10.6 ಮೈಕ್ರಾನ್, ಮಾಮೂಲಿ ಗಾಜು ಅದನ್ನ ನುಂಗಿ ಹಾಕುತ್ತೆ. ಹಾಗಾಗಿ ಗಂಟಲಿನ ಸರ್ಜನ್ನರು ಮೊಣಕೈ ಮೊಣಕೈಗೂ ಕನ್ನಡಿ ಕೂರಿಸಿದ ಉದ್ದನೆಯ ಲೋಹದ ತೋಳನ್ನ ಎಳೆದಾಡಿಕೊಂಡು ದಶಕಗಳ ಕಾಲ ಕೆಲಸ ಮಾಡಿದರು. ಒಂದು ಕನ್ನಡಿ ಒಂಚೂರು ಸರಿದರೆ ಗುರಿ ತಪ್ಪಿತು. 2002ರಲ್ಲಿ ಎಂ.ಐ.ಟಿ.ಯ ಯೋಯೆಲ್ ಫಿಂಕ್ ತಂಡದವರು ಒಳಗೆ ಟೊಳ್ಳಾದ, ಗೋಡೆಯಲ್ಲಿ ಎರಡು ಬಗೆಯ ಪದರಗಳನ್ನ ಒಂದರ ಮೇಲೊಂದು ಸುತ್ತಿದ ಎಳೆ ಮಾಡಿ ಈ ಬೆಳಕನ್ನೂ ಬಗ್ಗಿಸಿದರು. ಬೆಳಕು ಹೋಗೋದು ಗಾಜಿನಲ್ಲಲ್ಲ, ನಡುವಿನ ಗಾಳಿಯಲ್ಲಿ. ವೀಲರ್‌ನ ಮನೆಬೆಳಕಿನ ಕೊಳವೆ ಬಡಕಲಾಗಿ ವಾಪಸ್ ಬಂದ ಹಾಗೆ ಅನ್ನಿಸಿತು ನನಗೆ.

ಲೇಸರನ್ನ ಎಂಡೋಸ್ಕೋಪಿನ ಒಳಗಿಂದ ಮೊದಲು ಕಳಿಸಿದವರು ಯಾರು ಅಂತ ಹುಡುಕಿದಾಗ 1973ರ ಒಂದು ಲೇಖನ ಸಿಕ್ಕಿತು. ಬರೆದವರು ನಾಥ್, ಗೋರಿಶ್ ಮತ್ತು ಕೀಫ್‌ಹಾಬರ್. ನಾಥ್! ನಮ್ಮವರೇ ಯಾರೋ ಅಂತ ಖುಷಿಪಟ್ಟು ಅಪ್ಪನಿಗೂ ಹೇಳಿಬಿಟ್ಟೆ. ಆಮೇಲೆ ನೋಡಿದರೆ ಗುಂಥರ್ ನಾಥ್, ಮ್ಯೂನಿಕ್ಕಿನ ಜರ್ಮನ್. ಲಾಮ್ ತನ್ನ ಎಳೆಗಳನ್ನ ಬಿಟ್ಟುಹೋದ ಅದೇ ಊರು. ನಾಥ್‌ಗೆ ಎದುರಾದ ತೊಡಕು ಏನೆಂದರೆ, ಎಂಡೋಸ್ಕೋಪಿನಲ್ಲಿರುವ ಸಾವಿರಾರು ಎಳೆಗಳ ಕಂತೆಗೆ ಲೇಸರ್ ಬಿಡೋ ಹಾಗಿಲ್ಲ. ಎಳೆ ಎಳೆಯ ನಡುವಿನ ಅಂಟಿನ ಮೇಲೆ ಬಿದ್ದ ಬೆಳಕು ಅಂಟನ್ನೇ ಸುಡುತ್ತೆ. ಹಾಗಾಗಿ ಒಂದೇ ಒಂದು ಶುದ್ಧ ಕ್ವಾರ್ಟ್ಜ್ ಎಳೆ, ಅದರ ತುದಿಗೆ ಕರಾರುವಾಕ್ಕಾಗಿ ಕೇಂದ್ರೀಕರಿಸಿದ ಲೇಸರ್. ಹೊಟ್ಟೆಯೊಳಗೆ ರಕ್ತ ಸೋರುವ ಹುಣ್ಣನ್ನ ಕೊಯ್ಯದೇ ಮುಚ್ಚುವ ದಾರಿ ತೆರೆಯಿತು. ಇದೇ ನಾಥ್ ಮುಂದೆ ದ್ರವ ತುಂಬಿದ ಬಾಗುವ ಕೊಳವೆಯಲ್ಲೂ ಬೆಳಕು ಸಾಗಿಸುವ ಸಾಧನ ಮಾಡಿದ. ಅಲ್ಲಿಗೆ ಕೊಲಾಡನ್ನನ ಧಾರೆ ಪ್ಲಾಸ್ಟಿಕ್ ಪೈಪಿನೊಳಗೆ ಬಂದು ಕೂತಿತು.

ಗಾಜು ಶುದ್ಧವಾಗಿರಲೇಬೇಕು ಅನ್ನೋದಕ್ಕೆ ಒಂದು ಲೆಕ್ಕ ಹಾಕಿದೆ, ಅಪ್ಪನಿಗೆ ತುಂಬ ಹಿಡಿಸಿತು. 1960ರ ದಶಕದ ಒಳ್ಳೆಯ ಗಾಜಿನೆಳೆಯಲ್ಲೂ ಒಂದು ಕಿಲೋಮೀಟರಿಗೆ ಸುಮಾರು 1000 ಡೆಸಿಬೆಲ್ ನಷ್ಟ. ಮೂರು ಮೀಟರಿಗೆ 3 ಡೆಸಿಬೆಲ್, ಅಂದರೆ ಅರ್ಧ ಬೆಳಕು ಮಾಯ. ನೋಡುವ ಬಲ್ಬಿನ ಬೆಳಕು ಅರ್ಧ ಹೋದರೆ ಪರವಾಗಿಲ್ಲ, ದೊಡ್ಡ ಬಲ್ಬು ಹಾಕಿದರಾಯಿತು. ಆದರೆ 20 ವ್ಯಾಟ್ ಲೇಸರಿನಲ್ಲಿ ಅರ್ಧ ಮಾಯವಾಗೋದು ಅಂದರೆ 10 ವ್ಯಾಟ್ ಶಾಖ ಆ ಕೂದಲೆಳೆಯೊಳಗೇ, ರೋಗಿಯ ಮೈಯೊಳಗೇ ಉಳಿಯಿತು ಅಂತ. 1966ರಲ್ಲಿ ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕಮ್, ತಪ್ಪು ಗಾಜಿನದಲ್ಲ ಗಾಜಿನೊಳಗಿನ ಕಲ್ಮಶದ್ದು, ಅದನ್ನ ತೆಗೆದರೆ ನಷ್ಟವನ್ನ ಕಿಲೋಮೀಟರಿಗೆ 20 ಡೆಸಿಬೆಲ್‌ಗೆ ಇಳಿಸಬಹುದು ಅಂತ ಬರೆದರು. 1970ರಲ್ಲಿ ಕಾರ್ನಿಂಗ್ ಕಂಪನಿಯ ಮೌರರ್, ಕೆಕ್ ಮತ್ತು ಶುಲ್ಟ್ಜ್ ಅದಕ್ಕಿಂತ ಕಡಿಮೆಗೆ ಇಳಿಸಿ ತೋರಿಸಿದರು. 20 ಡೆಸಿಬೆಲ್ ಲೆಕ್ಕದಲ್ಲಿ ಮೂರು ಮೀಟರಿಗೆ ಹೋಗೋದು ನೂರಕ್ಕೆ ಒಂದೂವರೆಯಷ್ಟೂ ಅಲ್ಲ. ಅವರು ಯೋಚಿಸುತ್ತಿದ್ದದ್ದು ದೇಶದಿಂದ ದೇಶಕ್ಕೆ ಫೋನಿನ ಮಾತು ಸಾಗಿಸೋದನ್ನ. ನೀವು ಈ ಬರಹ ಓದುತ್ತಿರುವುದೂ ಅವರ ದಯೆಯಿಂದಲೇ.

ಕಾವೊಗೆ 2009ರಲ್ಲಿ ನೊಬೆಲ್ ಬಂತು. ಆಗ ನಮ್ಮಲ್ಲಿ ಕಪಾನಿಗೆ ಅನ್ಯಾಯವಾಯಿತು ಅಂತ ಕೂಗೆದ್ದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು, ನನ್ನ ಇನ್‌ಬಾಕ್ಸಿಗಂತೂ ಒಂದಷ್ಟು ಫಾರ್ವರ್ಡ್ ಮೇಲ್ ಬಂದಿದ್ದವು. ನಾನೂ ಅವತ್ತು ಸಿಟ್ಟಿನಿಂದ ನಾಲ್ಕು ಜನಕ್ಕೆ ಕಳಿಸಿದ್ದೆ. ಈಗ ಓದಿಕೊಂಡ ಮೇಲೆ ಹಾಗನ್ನಿಸೋದಿಲ್ಲ. ಪ್ರಶಸ್ತಿ ಕೊಟ್ಟಿದ್ದು ಎಳೆಯಲ್ಲಿ ಬೆಳಕು ಬಗ್ಗಿಸಿದ್ದಕ್ಕಲ್ಲ, ಅದನ್ನ ದೂರ ಸಂಪರ್ಕಕ್ಕೆ ಒಗ್ಗಿಸಿದ್ದಕ್ಕೆ. ಕಪಾನಿಯವರ ದೊಡ್ಡಸ್ತಿಕೆ ಬೇರೆ. ಲಾಮ್ ಬಿಟ್ಟುಹೋದ ಕೆಲಸವನ್ನ ಮಾಡಿ ಮುಗಿಸಿದರು, 1960ರಲ್ಲಿ 'ಸೈಂಟಿಫಿಕ್ ಅಮೆರಿಕನ್'ನಲ್ಲಿ ಬರೆದು ಫೈಬರ್ ಆಪ್ಟಿಕ್ಸ್ ಅನ್ನುವ ಹೆಸರನ್ನ ಜನರ ಬಾಯಿಗೆ ತಂದರು. ಹಾಗಂತ ಕಪಾನಿ ಒಬ್ಬರೇ ಅಂದರೆ ಹಾಪ್ಕಿನ್ಸ್, ವಾನ್ ಹೀಲ್, ಓಬ್ರಯನ್ ಎಲ್ಲರನ್ನೂ ಮೊಟಕಿ ಸಾಲಿನಲ್ಲಿ ನಿಲ್ಲಿಸಿದ ಹಾಗೆ. ಟಿಂಡಾಲ್ ಹೆಸರು ಹೇಳಿ ಕೊಲಾಡನ್ನನ್ನ ಮರೆತವರಿಗೂ ನಮಗೂ ಆಮೇಲೇನು ವ್ಯತ್ಯಾಸ? ನಮ್ಮ ಸರ್ಕಾರ ಕಪಾನಿಯವರಿಗೆ ಪದ್ಮವಿಭೂಷಣ ಕೊಟ್ಟಿದ್ದು 2021ರಲ್ಲಿ. ಅವರು 2020ರ ಡಿಸೆಂಬರಿನಲ್ಲೇ ತೀರಿಕೊಂಡಿದ್ದರು. ಸಿಟ್ಟು ಮಾಡುವುದಾದರೆ ಅದಕ್ಕೆ ಮಾಡಬಹುದು. ಇನ್ನು ಕಾವೊ? ನೊಬೆಲ್ ಬರುವ ಹೊತ್ತಿಗೆ ಅವರಿಗೆ ಮರೆವಿನ ಕಾಯಿಲೆ. ಸ್ಟಾಕ್‌ಹೋಮಿನಲ್ಲಿ ನೊಬೆಲ್ ಉಪನ್ಯಾಸ ಕೊಟ್ಟವರು ಹೆಂಡತಿ ಗ್ವೆನ್.

ಮರುದಿನ ಹೊಸ ಫೈಬರ್ ಬಂತು. ಒಳಗೆ ಹೋಗುವ ಮುಂಚೆ ಅಪ್ಪ ಡಾಕ್ಟ್ರನ್ನ ಹಿಡಿದು ನಿಲ್ಲಿಸಿ, ಹಿಂದಿನ ದಿನದ್ದು ಯಾಕೆ ಮುರಿಯಿತು ಅಂತ ಕೇಳಿದರಂತೆ. ಡಾಕ್ಟ್ರು ಈ ಸಲ ನಿಂತು ಉತ್ತರ ಕೊಟ್ಟರಂತೆ, ಹಿಂದಿನ ದಿನದ ಸಂಕೋಚ ಇತ್ತೋ ಏನೋ. ಸುರುಳಿ ಸುತ್ತುವಾಗ ತೀರ ಬಿಗಿಯಾಗಿ ಬಗ್ಗಿಸಿದರೆ ಕಣ್ಣಿಗೆ ಕಾಣದ ಬಿರುಕು ಬಿಡುತ್ತೆ. ಬಿಗಿಯಾದ ತಿರುವಿನಲ್ಲಿ ಕಿರಣ ಸಾಕಷ್ಟು ಓರೆಯಾಗಿ ಬಡಿಯದೆ ಹೊರಗೆ ಸೋರುತ್ತೆ, ಸೋರಿದ ಕಡೆ ಕಾಯುತ್ತೆ. ದೇಹದೊಳಗೆ ಹಾಗೆ ಮುರಿದರೆ ದುರ್ಬೀನೇ ಸುಟ್ಟುಹೋಗುತ್ತೆ. ಅದಕ್ಕೇ ಮೊದಲು ಕೆಂಪು ಚುಕ್ಕೆ ನೋಡೋದು. ಕೆಲಸ ಮಾಡುವ ಹಾಲ್ಮಿಯಂ ಲೇಸರಿನ ಬೆಳಕು 2.1 ಮೈಕ್ರಾನ್, ಕಣ್ಣಿಗೆ ಕಾಣೋದಿಲ್ಲ, ಕೆಂಪು ಬರಿಯ ದಾರಿ ತೋರುವ ದೀಪ. 20 ವ್ಯಾಟನ್ನ 200 ಮೈಕ್ರಾನಿನ ಗಾಜಿಗೆ ತುಂಬಿದರೆ ಚದರ ಸೆಂಟಿಮೀಟರಿಗೆ 60 ಸಾವಿರ ವ್ಯಾಟಿಗೂ ಹೆಚ್ಚಾಗುತ್ತೆ, ಮಟಮಟ ಮಧ್ಯಾಹ್ನದ ಬಿಸಿಲಿನ ಸುಮಾರು ಆರು ಲಕ್ಷ ಪಟ್ಟು! ತುದಿಗೆ ಒಂದು ಧೂಳಿನ ಕಣ ಕೂತರೂ ಸುಟ್ಟು ಹಾಳಾಗುತ್ತೆ. ಆ ಎಳೆಯ ಮೇಲಿನ ನನ್ನ ಸಿಟ್ಟು ಇಳಿಯಿತು. ಇನ್ನೊಂದನ್ನ ಇಟ್ಟುಕೊಳ್ಳದವರ ಮೇಲಿನದು ಇಳಿದಿಲ್ಲ.

ಕಲ್ಲಿಗೂ ಎಳೆಯ ತುದಿಗೂ ನಡುವೆ ನೀರು ಇರುತ್ತಲ್ಲ, ಈ ಬೆಳಕನ್ನ ನೀರು ಅರ್ಧ ಮಿಲಿಮೀಟರಿನೊಳಗೇ ಕುಡಿದುಬಿಡುತ್ತೆ. ಮತ್ತೆ ಕಲ್ಲಿಗೆ ತಲುಪೋದು ಹೇಗೆ? ಮಿಡಿತದ ಮೊದಲ ಭಾಗ ನೀರನ್ನ ಆವಿ ಮಾಡಿ ಗುಳ್ಳೆ ಎಬ್ಬಿಸುತ್ತೆ, ಉಳಿದ ಭಾಗ ಆ ಗುಳ್ಳೆಯೊಳಗಿಂದ ದಾಟಿ ಕಲ್ಲಿಗೆ ಬಡಿಯುತ್ತೆ. ಸಮುದ್ರ ಸೀಳಿ ದಾರಿ ಮಾಡಿದ ಮೋಶೆಯ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ. ಅಪ್ಪ ತಕ್ಷಣ "ವಸುದೇವ ಯಮುನೆ ದಾಟಿದ ಹಾಗೆ" ಅಂದರು. ಇರಲಿ.

ಐವತ್ತು ನಿಮಿಷದಲ್ಲಿ ಕಲ್ಲು ಪುಡಿಯಾಯಿತು. ಮೂರನೇ ದಿನ ಮನೆಗೆ ಬಂದೆವು. ಬಿಲ್ಲಿನಲ್ಲಿ 'ಲೇಸರ್ ಫೈಬರ್ - 2' ಅಂತಿತ್ತು. ಎರಡಲ್ಲ ಒಂದು ಅಂತ ವಾದ ಮಾಡಿ ಒಂದನ್ನ ಹೊಡೆದುಹಾಕಿಸೋಕೆ ಮುಕ್ಕಾಲು ಗಂಟೆ ಹಿಡಿಯಿತು.

ಕಳೆದ ಭಾನುವಾರ ಬಚ್ಚಲುಮನೆಯಿಂದ ಅಪ್ಪ ಕರೆದರು. ಹೋದರೆ, ಕಿಟಕಿಗೆ ಟವೆಲ್ ಮುಚ್ಚಿ ಕತ್ತಲು ಮಾಡಿಕೊಂಡಿದ್ದಾರೆ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ಕಾದ ಮೊಳೆಯಿಂದ ತೂತು ಮಾಡಿ, ಮೊಮ್ಮಗಳ ಕೈಗೆ ಬೆಕ್ಕು ಆಡಿಸುವ ಲೇಸರ್ ಪೆನ್ನು ಕೊಟ್ಟು, ತೂತಿನ ಎದುರು ಬದಿಯಿಂದ ಹಿಡಿಯೋಕೆ ಹೇಳಿದ್ದಾರೆ. ಮೊದಲೆರಡು ಸಲ ಸರಿಬರಲಿಲ್ಲ. ತೂತಿನ ಅಂಚು ಒರಟಾಗಿ ನೀರು ಚದುರುತ್ತಿತ್ತು. ಬ್ಲೇಡಿನಿಂದ ಅಂಚು ನಯ ಮಾಡಿ ಮೂರನೇ ಸಲ ಮುಚ್ಚಳ ತೆಗೆದಾಗ ಧಾರೆ ಗಾಜಿನ ಕಡ್ಡಿಯ ಹಾಗೆ ನಿಂತಿತು. ಅದರೊಳಗೆ ಕೆಂಪು ಬೆಳಕು ಅಂಕುಡೊಂಕಾಗಿ ಬಡಿಯುತ್ತಾ ಇಳಿದು ಬಕೆಟ್ಟಿನ ತಳದಲ್ಲಿ ಚುಕ್ಕೆಯಾಯಿತು. ಅಪ್ಪ ಅಂಗೈ ಒಡ್ಡಿದರು. ಅಂಗೈಯಲ್ಲೂ ಕೆಂಪು.

"ಅವನು ಎಡಗಡೆ ಮೂರನೇ ಬೆಂಚಲ್ಲಿ ಕೂರ್ತಿದ್ದ" ಅಂದರು. ಅಷ್ಟರಲ್ಲಿ ಬಾಟಲಿಯ ನೀರು ತೂತಿನ ಮಟ್ಟಕ್ಕೆ ಇಳಿದು ಧಾರೆ ತುಂಡಾಯಿತು, ಕೆಂಪು ಚುಕ್ಕೆ ಎದುರಿನ ಗೋಡೆಗೆ ನೆಗೆಯಿತು. ಹೊರಗಿನಿಂದ ಅಮ್ಮ, ನೀರೆಲ್ಲ ನಡುಮನೆಗೆ ಬಂತು ಅಂತ ಕೂಗಿದಳು.